ಕಡಲ ಹನಿಯೊಳಗಿನ ಕುಲ ನಿರ್ಣಯ

ದೋಣಿಯ ಹಿಂದೆ ಕಟ್ಟಿದ ಸಣ್ಣ ಕಣ್ಣಿನ ಬಲೆಯನ್ನು ಕೆಲವು ನಿಮಿಷ ನೀರಿನಲ್ಲಿ ಎಳೆದು ಮೇಲೆತ್ತಿದರೆ, ಅದರ ತುದಿಯ ಬಾಟಲಿಯಲ್ಲಿ ಸಿಗುವುದು ತುಸು ಮಸುಕಾದ ನೀರು, ಅಷ್ಟೆ. ಅದರದೊಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ಮಸುಕೆಲ್ಲ ಬಿಡಿಬಿಡಿ ಜೀವಗಳಾಗಿ ಕಾಣತೊಡಗುತ್ತದೆ. ಪಾರದರ್ಶಕ ಗಂಟೆಯಾಕಾರದ ಕವಚವೊಂದು ಗಿರ್ರನೆ ತಿರುಗುತ್ತ ಸಾಗುತ್ತದೆ. ಅದರ ಬಾಯಂಚಿನಿಂದ ಒಳಗಿನ ಜೀವಿ ತನ್ನ ರೋಮಗಳ ಕಿರೀಟವನ್ನು ಹೊರಗೆ ಚಾಚಿದೆ. ಚಪ್ಪಟೆ ದೇಹದ ಇನ್ನೊಂದು ಜೀವಿ ಗಾಜಿನ ಮೇಲೆ ಕಾಲಿಟ್ಟು ನಡೆಯುತ್ತಿದೆ. ನಾಲ್ಕು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ, ಆಮೇಲೆ ಥಟ್ಟನೆ ಬೇರೆ ದಿಕ್ಕಿಗೆ. ಕೆಂಗಂದು ಬಣ್ಣದ ಮೂರನೆಯದು ಒಂದು ಕ್ಷಣ ಅಲುಗದೆ ನಿಂತಿದ್ದು, ಮರುಕ್ಷಣ ಚಿಮ್ಮಿ ನೋಟದಿಂದಲೇ ಮಾಯವಾಗುತ್ತದೆ.

ಮೂರೂ ಸಿಲಿಯೇಟ್‌ಗಳು. ಪ್ರೌಢಶಾಲೆಯ ಜೀವಶಾಸ್ತ್ರದ ತರಗತಿಯಲ್ಲಿ ಪ್ಯಾರಮೀಸಿಯಂ ಚಿತ್ರ ಬಿಡಿಸಿದವರೆಲ್ಲ ಈ ಬಳಗದ ಒಬ್ಬ ಸದಸ್ಯನನ್ನು ಬಲ್ಲರು. ಆದರೆ ಕಡಲಿನಲ್ಲಿರುವ ಸಿಲಿಯೇಟ್‌ಗಳ ವೈವಿಧ್ಯದ ಮುಂದೆ ಪ್ಯಾರಮೀಸಿಯಂ ತೀರಾ ಸರಳ. ಬರಿಗಣ್ಣಿಗೆ ಕಾಣದ, ಮೂಳೆಯಿಲ್ಲದ, ಸತ್ತರೆ ಸಾಮಾನ್ಯವಾಗಿ ಕುರುಹೂ ಉಳಿಯದ ಇಂಥ ಜೀವಿಗಳಲ್ಲಿ ಇದು ಈ ಪ್ರಭೇದ, ಅದು ಆ ಪ್ರಭೇದ ಎಂದು ಹೇಳುವುದು ಹೇಗೆ? ಯಾವುದಕ್ಕೆ ಯಾವುದು ನೆಂಟ ಎಂದು ತೀರ್ಮಾನಿಸುವುದು ಯಾವ ಆಧಾರದಿಂದ? ಮುನ್ನೂರೈವತ್ತು ವರ್ಷಗಳಿಂದ ಈ ಪ್ರಶ್ನೆಗೆ ಉತ್ತರ ಹುಡುಕುತ್ತಿರುವವರ ಕೈಯಲ್ಲಿ ಈಗ ಎರಡು ಸಾಕ್ಷಿಗಳಿವೆ. ಒಂದು ಕೋಶದ ರೂಪ, ಇನ್ನೊಂದು ವಂಶವಾಹಿ. ಎರಡೂ ದಾರಿ ತಪ್ಪಿಸಬಲ್ಲವು ಎಂಬುದನ್ನು ಅವರು ಕಷ್ಟಪಟ್ಟೇ ಕಲಿತಿದ್ದಾರೆ.

ಒಂದೇ ಕೋಶ, ಎರಡು ಬಗೆಯ ಕೇಂದ್ರ

ಸಿಲಿಯೇಟ್ ಎಂದರೆ ಒಂದೇ ಕೋಶದ ಜೀವಿ. ಮೈಮೇಲಿನ ಲೋಮಾಂಗಗಳೆಂಬ ಸಣ್ಣ ರೋಮಗಳನ್ನು ಬಡಿದು ಅದು ಈಜುತ್ತದೆ, ಆಹಾರವನ್ನು ಬಾಯಿಯತ್ತ ತಳ್ಳಿಕೊಳ್ಳುತ್ತದೆ. ಕೆಲವದರಲ್ಲಿ ಹತ್ತಾರು ಲೋಮಾಂಗಗಳು ಒಟ್ಟಾಗಿ ದಪ್ಪ ಕುಚ್ಚಾಗುತ್ತವೆ. ಗಾಜಿನ ಮೇಲೆ ನಡೆದಾಡುವ ಯುಪ್ಲೋಟಿಸ್‌ಗೆ ಆ ಕುಚ್ಚುಗಳೇ ಕಾಲು.

ಈ ಬಳಗದ ಇನ್ನೊಂದು ಗುರುತು ಕೋಶದೊಳಗಿದೆ. ಸಿಲಿಯೇಟ್‌ನಲ್ಲಿ ಎರಡು ಬಗೆಯ ಕೋಶಕೇಂದ್ರಗಳಿರುತ್ತವೆ. ದೊಡ್ಡದು ದಿನನಿತ್ಯದ ಬದುಕನ್ನು ನಡೆಸುತ್ತದೆ. ಚಿಕ್ಕದು ಮುಂದಿನ ಪೀಳಿಗೆಗೆ ಹೋಗಬೇಕಾದ ಮೂಲಪ್ರತಿಯನ್ನು ಕಾಯ್ದಿಟ್ಟುಕೊಂಡು, ಎರಡು ಕೋಶಗಳು ಜೊತೆಗೂಡಿ ವಂಶವಾಹಿ ಹಂಚಿಕೊಳ್ಳುವಾಗ ಕೆಲಸಕ್ಕೆ ಇಳಿಯುತ್ತದೆ.

ಹೊರಪೊರೆಯ ಅಡಿಯಲ್ಲಿ ಪುಟ್ಟ ಚೀಲಗಳ ಪದರವೊಂದಿದೆ. ಇದೇ ಪದರ ಮಲೇರಿಯಾ ಪರೋಪಜೀವಿಯ ಗುಂಪಿನಲ್ಲೂ ಇದೆ, ಕಡಲಿನಲ್ಲಿ ರಾತ್ರಿ ಬೆಳಗುವ ಡೈನೋಫ್ಲಾಜೆಲ್ಲೇಟ್‌ಗಳಲ್ಲೂ ಇದೆ. ನೋಡಲು ಒಂದಕ್ಕೊಂದು ಹೋಲಿಕೆಯೇ ಇಲ್ಲದ ಈ ಮೂರು ಗುಂಪುಗಳು ಒಂದೇ ಮೂಲದವು ಎಂಬುದನ್ನು ವಂಶವಾಹಿಗಳೂ ಖಚಿತಪಡಿಸಿವೆ.

ಈವರೆಗೆ ಹೆಸರು ಪಡೆದ ಸಿಲಿಯೇಟ್‌ಗಳು ಸುಮಾರು 8,000. ಕಡಲಿನ ಆಹಾರ ಸರಪಳಿಯಲ್ಲಿ ಇವುಗಳ ಜಾಗ ದೊಡ್ಡದು. ಮೀನಿನ ಮರಿಗಳು ಹಿಡಿದು ತಿನ್ನಲಾಗದಷ್ಟು ಚಿಕ್ಕದಾದ ಬ್ಯಾಕ್ಟೀರಿಯಾ ಮತ್ತು ಪಾಚಿಕೋಶಗಳನ್ನು ಇವು ತಿನ್ನುತ್ತವೆ. ಇವನ್ನು ಕೋಪೆಪಾಡ್‌ಗಳೆಂಬ ಕಿರುಸಿಗಡಿಯಂಥ ಜೀವಿಗಳೂ ಮೀನಿನ ಮರಿಗಳೂ ತಿನ್ನುತ್ತವೆ.

ಕಣ್ಣೇ ಪ್ರಮಾಣವಾಗಿದ್ದ ಕಾಲ

1670ರ ದಶಕದಲ್ಲಿ ಹಾಲೆಂಡಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೀವೆನ್‌ಹೂಕ್ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ನೀರಿನ ಕಿರುಜೀವಿಗಳನ್ನು ನೋಡಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಅವನು ಕಂಡವುಗಳಲ್ಲಿ ಸಿಲಿಯೇಟ್‌ಗಳೂ ಇದ್ದವು. ನೂರು ವರ್ಷ ಕಳೆದ ಮೇಲೆ ಡೆನ್ಮಾರ್ಕಿನ ಓ.ಎಫ್. ಮುಲ್ಲರ್ ಅವುಗಳಿಗೆ ಲಿನೇಯಸ್ ಪದ್ಧತಿಯ ಜೋಡಿ ಹೆಸರುಗಳನ್ನು ಕೊಟ್ಟ. ಆ ಗ್ರಂಥ ಹೊರಬಂದದ್ದು ಅವನು ತೀರಿಕೊಂಡ ಮೇಲೆ, 1786ರಲ್ಲಿ.

ಕಣ್ಣು ತಪ್ಪುವುದೂ ಉಂಟು. ಜರ್ಮನಿಯ ಎರೆನ್‌ಬರ್ಗ್ ಈ ಜೀವಿಗಳಿಗೆ ಬಣ್ಣದ ಪುಡಿ ತಿನ್ನಿಸಿ ನೋಡಿದ. ಒಳಗೆ ಅಲ್ಲಲ್ಲಿ ಬಣ್ಣದ ಗುಳ್ಳೆಗಳು ಕಂಡವು. ಇವುಗಳಿಗೆ ಹತ್ತಾರು ಹೊಟ್ಟೆಗಳಿವೆ, ಇವು ದೊಡ್ಡ ಪ್ರಾಣಿಗಳಂತೆಯೇ ಪರಿಪೂರ್ಣ ಅಂಗಾಂಗಗಳುಳ್ಳವು ಎಂದು 1838ರ ತನ್ನ ಬೃಹತ್ ಗ್ರಂಥದಲ್ಲಿ ವಾದಿಸಿದ. ಅವನು ಕಂಡದ್ದು ನಿಜ, ಅರ್ಥ ಮಾಡಿದ್ದು ತಪ್ಪು. ಅವು ಆಹಾರವನ್ನು ಸುತ್ತುವರಿದು ಹೊತ್ತೊಯ್ಯುವ, ಆಗಾಗ ಹುಟ್ಟಿ ಕರಗುವ ಗುಳ್ಳೆಗಳಾಗಿದ್ದವು.

1859ರಿಂದ ಫ್ರೀಡ್ರಿಕ್ ಸ್ಟೈನ್ ಲೋಮಾಂಗಗಳು ಮೈಮೇಲೆ ಹರಡಿರುವ ರೀತಿಯನ್ನೇ ವರ್ಗೀಕರಣಕ್ಕೆ ಆಧಾರ ಮಾಡಿದ. ಮೈತುಂಬ ಒಂದೇ ಸಮ ಇರುವವು, ಹೊಟ್ಟೆಯ ಕಡೆ ಮಾತ್ರ ಇರುವವು, ಬಾಯಿಯ ಸುತ್ತ ಇರುವವು ಹೀಗೆ. ಹ್ಯಾಂಬರ್ಗಿನ ಶಾಲಾ ಶಿಕ್ಷಕ ಆಲ್ಫ್ರೆಡ್ ಕಾಲ್ 1930ರಿಂದ 1935ರವರೆಗೆ ಕಂತುಗಳಲ್ಲಿ ಪ್ರಕಟಿಸಿದ ಕೃತಿ ಆವರೆಗಿನ ತಿಳಿವಳಿಕೆಯನ್ನೆಲ್ಲ ಒಂದೆಡೆ ತಂದಿತು. ಜೀವಂತ ಕೋಶಗಳನ್ನು ತಾಳ್ಮೆಯಿಂದ ನೋಡಿ ಗೆರೆಗಳಲ್ಲಿ ಹಿಡಿದ ಅವರ ಚಿತ್ರಗಳನ್ನು ತಜ್ಞರು ಇಂದಿಗೂ ತೆಗೆದು ನೋಡುತ್ತಾರೆ.

ಬೆಳ್ಳಿ ತೋರಿಸಿದ ಸಾಲುಗಳು

ಜೀವಂತ ಸಿಲಿಯೇಟ್ ಒಂದೆಡೆ ನಿಲ್ಲುವುದಿಲ್ಲ. ನಿಂತರೂ ಅದರ ಲೋಮಾಂಗಗಳನ್ನು ಎಣಿಸುವುದು ಕಷ್ಟ. ಈ ಕಷ್ಟವನ್ನು ಕಳೆದದ್ದು ಬೆಳ್ಳಿ.

ಪ್ರತಿ ಲೋಮಾಂಗದ ಬುಡದಲ್ಲಿ ಒಂದು ಸಣ್ಣ ಗೂಟದಂಥ ರಚನೆ ಇರುತ್ತದೆ. ಬೆಳ್ಳಿಯ ಸಂಯುಕ್ತಗಳು ಆ ಬುಡಕ್ಕೆ ಅಂಟಿಕೊಳ್ಳುತ್ತವೆ ಎಂಬುದನ್ನು ವಿಯೆನ್ನಾದ ಬ್ರೂನೋ ಕ್ಲೈನ್ 1926ರಲ್ಲಿ ತೋರಿಸಿದರು. 1930ರಲ್ಲಿ ಫ್ರಾನ್ಸಿನ ಷಾಟನ್ ಮತ್ತು ಆಂಡ್ರೆ ಲ್ವಾಫ್ ಇದನ್ನು ಹಸಿ ಕೋಶಗಳಿಗೆ ಹೊಂದಿಸಿದರು. (ಇದೇ ಲ್ವಾಫ್ 1965ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರು.) ಮುಂದೆ ಪ್ರೋಟಾರ್ಗಾಲ್ ಎಂಬ ಬೆಳ್ಳಿ ಬೆರೆತ ಪ್ರೋಟೀನು ಈ ಕೆಲಸದ ಮುಖ್ಯ ದ್ರವ್ಯವಾಯಿತು.

ಪ್ರೋಟಾರ್ಗಾಲ್ ಹಿಡಿದ ಯುಪ್ಲೋಟಿಸ್ ಕೋಶವನ್ನು ಹತ್ತಿರದಿಂದ ನೋಡಬೇಕು. ಮಸುಕು ಹಳದಿ ಹಿನ್ನೆಲೆಯಲ್ಲಿ ಹೊಟ್ಟೆಯ ಕಡೆಯ ಕುಚ್ಚುಗಳ ಬುಡಗಳು ಒಂದೊಂದೂ ಕಪ್ಪು ಮಚ್ಚೆಗಳಾಗಿ ಎದ್ದು ಕಾಣುತ್ತವೆ. ಮುಂದೆ ಎಷ್ಟು, ಹಿಂದೆ ಅಡ್ಡಸಾಲಿನಲ್ಲಿ ಎಷ್ಟು ಎಂದು ಎಣಿಸಬಹುದು. ಎಡಗಡೆ ಬಾಯಿಯತ್ತ ಬಾಗಿ ಇಳಿಯುವ, ಲೋಮಾಂಗಗಳು ಒತ್ತಾಗಿ ಸೇರಿದ ರೋಮಫಲಕಗಳ ಸಾಲು, ಒಳಗೆ ಸಿ ಆಕಾರದ ದೊಡ್ಡ ಕೋಶಕೇಂದ್ರ. ಬೆನ್ನಿನ ಮೇಲೆ ಬೆಳ್ಳಿ ನೈಟ್ರೇಟು ಬಿಡಿಸುವ ಬಲೆಯಂಥ ಗೆರೆಗಳ ವಿನ್ಯಾಸವೂ ಪ್ರಭೇದ ಗುರುತಿಸಲು ನೆರವಾಗುತ್ತದೆ. ಕೋಶ ಎರಡಾಗಿ ಸೀಳುವಾಗ ಹೊಸ ಬಾಯಿ ಎಲ್ಲಿ, ಯಾವ ಕ್ರಮದಲ್ಲಿ ಮೂಡುತ್ತದೆ ಎಂಬುದಂತೂ ಕುಟುಂಬ ಸಂಬಂಧಗಳ ಮುಖ್ಯ ಸುಳಿವು.

ಈ ಕಸುಬು ಎಷ್ಟು ನಾಜೂಕು ಎನ್ನುವುದಕ್ಕೆ ಒಂದು ಉದಾಹರಣೆ. ಅಂಗಡಿಯಲ್ಲಿ ಸಿಗುವ ಪ್ರೋಟಾರ್ಗಾಲ್‌ನ ಗುಣಮಟ್ಟ ಕೆಟ್ಟು, ಬಣ್ಣ ಸರಿಯಾಗಿ ಹಿಡಿಯದೆ ಜಗತ್ತಿನ ಸಿಲಿಯೇಟ್ ತಜ್ಞರೆಲ್ಲ ಪೇಚಿಗೆ ಸಿಲುಕಿದ್ದರು. 2013ರಲ್ಲಿ ಪಾನ್, ಬೌರ್‌ಲ್ಯಾಂಡ್ ಮತ್ತು ಸಾಂಗ್ ಎಂಬ ಮೂವರು ಪ್ರೋಟಾರ್ಗಾಲ್ ಅನ್ನು ಪ್ರಯೋಗಾಲಯದಲ್ಲೇ ತಯಾರಿಸುವ ವಿಧಾನವನ್ನು ಪ್ರಕಟಿಸಿದ ಮೇಲೆ ಕೆಲಸ ಮತ್ತೆ ಹಳಿಗೆ ಬಂತು.

ಇಷ್ಟರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇನ್ನೂ ಆಳಕ್ಕೆ ಹೋಗಿತ್ತು. ಲೋಮಾಂಗದ ಬುಡದಿಂದ ಮೂರು ಬಗೆಯ ನಾರುಗಳು ಮೂರು ದಿಕ್ಕಿಗೆ ಹೊರಡುತ್ತವೆ. ಹೊರಗಿನ ಆಕಾರ ಎಷ್ಟೇ ಬದಲಾದರೂ ಈ ನಾರುಗಳ ಜೋಡಣೆ ಸುಲಭಕ್ಕೆ ಬದಲಾಗುವುದಿಲ್ಲ, ಆದ್ದರಿಂದ ದೂರದ ನೆಂಟಸ್ತಿಕೆ ಗುರುತಿಸಲು ಅದನ್ನೇ ನಂಬಬೇಕು ಎಂದು ಕೆನಡಾದ ಡೆನಿಸ್ ಲಿನ್ ವಾದಿಸಿದರು. ಇಂದಿನ ವರ್ಗೀಕರಣದ ಚೌಕಟ್ಟು ಬಹುಪಾಲು ಆ ವಾದದ ಮೇಲೆ ನಿಂತಿದೆ.

ಕವಚ ನಂಬಿ ತಪ್ಪಿದ ಲೆಕ್ಕ

ಮೊದಲ ಹನಿಯಲ್ಲಿ ಗಿರಗಿರನೆ ತಿರುಗುತ್ತಿದ್ದ ಕವಚದ ಜೀವಿ ಟಿಂಟಿನ್ನಿಡ್ ಎಂಬ ಗುಂಪಿನದು. ಈ ಗುಂಪಿನ ಹೆಚ್ಚಿನವು ಕಡಲವಾಸಿಗಳು. ತಮ್ಮ ಸುತ್ತ ಪ್ರೋಟೀನಿನ ಕವಚ ಕಟ್ಟಿಕೊಳ್ಳುತ್ತವೆ. ಕೆಲವು ನೀರಿನಲ್ಲಿ ತೇಲುವ ಮರಳಿನ ಕಣಗಳನ್ನು ಅದಕ್ಕೆ ಅಂಟಿಸಿಕೊಳ್ಳುತ್ತವೆ. ಒಳಗಿನ ಕೋಶ ಬಲೆಯ ಪೆಟ್ಟಿಗೆ, ಮಾದರಿ ಕೆಡದಂತೆ ಹಾಕುವ ಔಷಧದ ಘಾಟಿಗೆ ಕವಚ ಬಿಟ್ಟು ಓಡಿಹೋಗುತ್ತದೆ ಇಲ್ಲವೇ ಒಡೆದುಹೋಗುತ್ತದೆ. ಕವಚ ಉಳಿಯುತ್ತದೆ.

ಹಾಗಾಗಿ ನೂರಾರು ವರ್ಷ ಕವಚವನ್ನೇ ನೋಡಿ ಹೆಸರಿಡಲಾಯಿತು. 1889ರ ಜರ್ಮನ್ ಪ್ಲಾಂಕ್ಟನ್ ಯಾತ್ರೆಯಲ್ಲಿ ಸಿಕ್ಕಿದ ಕವಚಗಳನ್ನು ಕಾರ್ಲ್ ಬ್ರಾಂಟ್ ವಿವರಿಸಿದರು. 1929ರಲ್ಲಿ ಕ್ಯಾಲಿಫೋರ್ನಿಯಾದ ಕೊಫಾಯ್ಡ್ ಮತ್ತು ಕ್ಯಾಂಪ್‌ಬೆಲ್ ಸುಮಾರು 700 ಪ್ರಭೇದಗಳ ಪಟ್ಟಿಯನ್ನೇ ಕೊಟ್ಟರು. ಕವಚ ತುಸು ಉದ್ದವಾದರೆ ಒಂದು ಹೆಸರು, ಬಾಯಂಚು ತುಸು ಅಗಲವಾದರೆ ಇನ್ನೊಂದು. ಇಂದು ಈ ಗುಂಪಿನಲ್ಲಿ ಸಾವಿರಕ್ಕೂ ಹೆಚ್ಚು ಹೆಸರುಗಳಿವೆ.

ಫ್ರಾನ್ಸಿನ ಮಿಷೆಲ್ ಲಾವಾಲ್-ಪ್ಯೂಟೊ ಸತ್ತ ಕವಚಗಳನ್ನು ಅಳೆಯುವ ಬದಲು ಬದುಕಿರುವ ಕೋಶಗಳು ಕವಚ ಕಟ್ಟುವುದನ್ನು ನೋಡುತ್ತ ಕುಳಿತರು. ಅವರು ಆರಿಸಿಕೊಂಡದ್ದು ಫವೆಲ್ಲಾ ಎರೆನ್‌ಬರ್ಗಿ ಎಂಬ ಗಂಟೆಯಾಕಾರದ ಕವಚದ ಪ್ರಭೇದ. ಕೋಶ ಎರಡಾದಾಗ ಒಂದು ಹಳೆಯ ಕವಚದಲ್ಲೇ ಉಳಿಯುತ್ತದೆ, ಇನ್ನೊಂದು ಹೊಸದು ಕಟ್ಟಿಕೊಳ್ಳಬೇಕು. ಕೆಲವೊಮ್ಮೆ ಕೋಶ ತನ್ನ ಕವಚವನ್ನೇ ತೊರೆದು ಮತ್ತೊಂದನ್ನು ಕಟ್ಟುತ್ತದೆ. ಹೀಗೆ ಕಟ್ಟಿದವು ಎಲ್ಲವೂ ನಯವಾದ ಗಂಟೆಗಳಾಗಿರಲಿಲ್ಲ. ಸುರುಳಿ ಸುತ್ತಿದ ಪಟ್ಟಿಗಳಂತೆ ಕಾಣುವ ಕವಚಗಳೂ ಅಲ್ಲಿದ್ದವು. ಅಂಥ ಕವಚವಿರುವ ಜೀವಿಗಳನ್ನು ಆವರೆಗೆ ಕಾಕ್ಸ್‌ಲಿಯೆಲ್ಲಾ ಎಂಬ ಬೇರೆಯೇ ಕುಲಕ್ಕೆ ಸೇರಿಸಲಾಗಿತ್ತು! 1981ರಲ್ಲಿ ಅವರು ಪ್ರಕಟಿಸಿದ ಈ ಅಧ್ಯಯನ, ಒಂದೇ ಜೀವಿ ತನ್ನ ಬದುಕಿನ ಬೇರೆ ಬೇರೆ ಹೊತ್ತಿನಲ್ಲಿ ಎರಡು ಕುಲಗಳ ಹೆಸರು ಹೊತ್ತಿತ್ತು ಎಂಬುದನ್ನು ತೋರಿಸಿಕೊಟ್ಟಿತು.

ಕವಚ ಪೂರ್ತಿ ನಿರುಪಯೋಗಿ ಎಂದೇನೂ ಇದರ ಅರ್ಥವಲ್ಲ. ಕವಚದ ಉದ್ದ ಬಹಳ ಏರುಪೇರಾದರೂ ಬಾಯಿಯ ಅಗಲ ಅಷ್ಟಾಗಿ ಬದಲಾಗುವುದಿಲ್ಲ. ಜೀವಿ ಎಷ್ಟು ದೊಡ್ಡ ಆಹಾರ ನುಂಗಬಲ್ಲದು ಎಂಬುದೂ ಆ ಅಗಲಕ್ಕೆ ಹೊಂದಿಕೊಂಡಿದೆ.

ಅಕ್ಷರಗಳ ಸಾಕ್ಷಿ

ಹಳಗನ್ನಡ ಕಾವ್ಯವೊಂದರ ಓಲೆಗರಿ ಪ್ರತಿಗಳನ್ನು ಸಂಪಾದಕರು ಮುಂದಿಟ್ಟುಕೊಂಡಾಗ, ಒಂದೇ ಪದ್ಯದಲ್ಲಿ ಯಾವ ಯಾವ ಪ್ರತಿಗಳು ಒಂದೇ ಪಾಠಾಂತರ ತೋರಿಸುತ್ತವೆ ಎಂದು ನೋಡಿ, ಯಾವುದು ಯಾವುದರಿಂದ ನಕಲಾಯಿತು ಎಂದು ಊಹಿಸುತ್ತಾರೆ. ವಂಶವಾಹಿಗಳಿಂದ ನೆಂಟಸ್ತಿಕೆ ಹುಡುಕುವ ಕ್ರಮವೂ ಇದೇ. ಎಲ್ಲ ಜೀವಿಗಳಲ್ಲೂ ಇರುವ ಒಂದೇ ಭಾಗವನ್ನು ಆರಿಸಿಕೊಂಡು, ಅದರ ಅಕ್ಷರಗಳು ಎಲ್ಲೆಲ್ಲಿ ಬದಲಾಗಿವೆ ಎಂದು ಹೋಲಿಸಿ, ವಂಶವೃಕ್ಷ ಬಿಡಿಸುವುದು.

ಹೀಗೆ ಆರಿಸಿಕೊಂಡ ಭಾಗ ರೈಬೋಸೋಮಿನ ಆರ್‌ಎನ್‌ಎ ತಯಾರಿಸುವ ವಂಶವಾಹಿ. ಪ್ರೋಟೀನು ಕಟ್ಟುವ ಯಂತ್ರಾಂಗವೇ ರೈಬೋಸೋಮ್ ಆದ್ದರಿಂದ ಅದಿಲ್ಲದೆ ಯಾವ ಕೋಶವೂ ಬದುಕದು. 18ಎಸ್ ಎಂದು ಕರೆಯುವ ಈ ವಂಶವಾಹಿ ಸಿಲಿಯೇಟ್‌ಗಳಲ್ಲಿ 1,700ರ ಆಸುಪಾಸಿನ ಅಕ್ಷರಗಳಷ್ಟು ಉದ್ದ. 1985ರಲ್ಲಿ ಎಲ್ವುಡ್, ಓಲ್ಸೆನ್ ಮತ್ತು ಸೋಗಿನ್ ಎರಡು ಸಿಲಿಯೇಟ್‌ಗಳ ಈ ವಂಶವಾಹಿಯನ್ನು ಪೂರ್ತಿ ಓದಿ ಪ್ರಕಟಿಸಿದರು. ಆಮೇಲೆ ಹೊಳೆ ಹರಿದಂತೆ ಮಾಹಿತಿ ಬಂತು.

ಕೆಲವೆಡೆ ಹೊಸ ಸಾಕ್ಷಿ ಹಳೆಯದನ್ನು ಎತ್ತಿಹಿಡಿಯಿತು. ಬಾಯಿಯ ಪಕ್ಕ ರೋಮಫಲಕಗಳ ಉದ್ದ ಸಾಲಿರುವ ಸಿಲಿಯೇಟ್‌ಗಳನ್ನೆಲ್ಲ ಹಿಂದೆ ಒಂದೇ ಗುಂಪಿಗೆ ಸೇರಿಸಿದ್ದರು. ಕಹಳೆಯಾಕಾರದ ಸ್ಟೆಂಟರ್ ಮತ್ತು ನಡೆದಾಡುವ ಯುಪ್ಲೋಟಿಸ್ ಅಲ್ಲಿ ನೆಂಟರಾಗಿದ್ದವು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನಾರುಗಳ ಜೋಡಣೆ ನೋಡಿದವರು ಇದು ಸರಿಯಲ್ಲ ಎಂದಿದ್ದರು. ವಂಶವಾಹಿ ಅವರ ಮಾತನ್ನೇ ಹೇಳಿತು. ಇಂದು ಇಡೀ ಸಿಲಿಯೇಟ್ ಬಳಗದ ಎರಡು ದೊಡ್ಡ ಕವಲುಗಳಲ್ಲಿ ಸ್ಟೆಂಟರ್ ಒಂದರಲ್ಲಿದೆ, ಯುಪ್ಲೋಟಿಸ್ ಇನ್ನೊಂದರಲ್ಲಿದೆ.

ಟಿಂಟಿನ್ನಿಡ್‌ಗಳಲ್ಲಿ ಎರಡು ಬಗೆಯ ತಿದ್ದುಪಡಿ ನಡೆಯಿತು. ದಕ್ಷಿಣ ಧ್ರುವದ ನೀರಿನಲ್ಲಿ ಸಿಮಾಟೋಸೈಲಿಸ್ ಎಂಬ ಕುಲವಿದೆ. 1901ರಿಂದ 1903ರವರೆಗೆ ಎರಿಕ್ ವಾನ್ ಡ್ರಿಗಾಲ್ಸ್ಕಿ ನಡೆಸಿದ ಜರ್ಮನ್ ಯಾತ್ರೆಯ ಸಂಗ್ರಹದಿಂದ ಇದರ ಹಲವು ಪ್ರಭೇದಗಳನ್ನು ವಿವರಿಸಲಾಗಿತ್ತು. ಒಂದಕ್ಕೆ ಯಾತ್ರೆಯ ಮುಖಂಡನ ಹೆಸರನ್ನೇ ಇಡಲಾಗಿದೆ. 2013ರಲ್ಲಿ ಕೊರಿಯಾದ ವಿಜ್ಞಾನಿಗಳ ನೇತೃತ್ವದ ತಂಡ ಅಮುಂಡ್ಸನ್ ಸಮುದ್ರದಿಂದ ಇಂಥ ಮೂರು ರೂಪಗಳನ್ನು ಹಿಡಿದು ವಂಶವಾಹಿ ಓದಿದಾಗ ಮೂರನ್ನೂ ಬೇರ್ಪಡಿಸುವ ವ್ಯತ್ಯಾಸ ಸಿಗಲಿಲ್ಲ. ಹೆಸರು ಮೂರು, ಜೀವಿ ಒಂದು.

ಇದಕ್ಕೆ ತಿರುಗುಮುರುಗಾದದ್ದು ಫವೆಲ್ಲಾ ಕತೆ. ಗಂಟೆಯಾಕಾರದ ಕವಚದವನ್ನೆಲ್ಲ ಫವೆಲ್ಲಾ ಎಂದೇ ಕರೆಯುತ್ತಿದ್ದಾಗ, ಅವುಗಳಲ್ಲಿ ಕೆಲವು ವಂಶವೃಕ್ಷದ ಬೇರೆ ಕೊಂಬೆಯಲ್ಲಿ ಹೋಗಿ ಕುಳಿತವು. ಆಮೇಲೆ ಕವಚದ ಗೋಡೆಯನ್ನು ಸೂಕ್ಷ್ಮವಾಗಿ ನೋಡಿದರೆ ಅಲ್ಲೂ ಭೇದ ಇತ್ತು. ಆಸ್ಟ್ರಿಯಾದ ಸಬೀನ್ ಅಗಾಥಾ ಮತ್ತು ಕೆನಡಾದಲ್ಲಿ ಕೆಲಸ ಮಾಡುತ್ತಿದ್ದ ಸ್ಟ್ರೂಡರ್-ಕಿಪ್ಕೆ 2012ರಲ್ಲಿ ಆ ಗುಂಪಿಗೆ ಷ್ಮಿಡಿಂಗೆರೆಲ್ಲಾ ಎಂಬ ಹೊಸ ಕುಲನಾಮ ಕೊಟ್ಟರು.

ಬಿಳಿ ಚುಕ್ಕೆಯ ಹಿಂದಿನ ಗುರುತು

ಹೆಸರಿನ ಗೊಂದಲ ವಿಜ್ಞಾನಿಗಳ ಮೇಜಿಗಷ್ಟೇ ಸೀಮಿತವಲ್ಲ, ಮೀನು ಸಾಕುವವರ ಜೇಬಿಗೂ ತಟ್ಟುತ್ತದೆ.

ಮನೆಯ ಅಕ್ವೇರಿಯಂ ಇಟ್ಟವರಿಗೆ ಮೀನಿನ ಮೈಮೇಲೆ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆಗಳೇಳುವ ರೋಗ ಗೊತ್ತು. ಸಿಹಿನೀರಿನಲ್ಲಿ ಅದಕ್ಕೆ ಕಾರಣ ಇಕ್ತಿಯೋಫ್ತಿರಿಯಸ್ ಎಂಬ ಸಿಲಿಯೇಟ್. ಕಡಲ ಮೀನುಗಳಿಗೂ ಅಂಥದೇ ಚುಕ್ಕೆ ಬರುತ್ತದೆ. ಅದಕ್ಕೆ ಕಾರಣವಾದ ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ 1951ರಲ್ಲಿ ವೈಜ್ಞಾನಿಕ ಹೆಸರು ಪಡೆಯಿತು. ಎರಡರ ಬದುಕೂ ಒಂದೇ ಬಗೆ. ಮೀನಿನ ಚರ್ಮದಡಿ ಕುಳಿತು ತಿಂದು ಕೊಬ್ಬುವುದು, ಹೊರಬಿದ್ದು ನೀರಿನ ತಳದಲ್ಲಿ ಕೋಶಗೂಡು ಕಟ್ಟುವುದು, ಅದರೊಳಗೆ ಒಡೆದೊಡೆದು ನೂರಾರು ಮರಿಗಳಾಗಿ ಹೊಸ ಮೀನು ಹುಡುಕುವುದು. ಇಷ್ಟು ಹೋಲಿಕೆ ನೋಡಿ ಇವನ್ನು ಹತ್ತಿರದ ನೆಂಟರೆಂದೇ ಎಣಿಸಿದ್ದರು.

18ಎಸ್ ವಂಶವಾಹಿ ಇದನ್ನು ಒಪ್ಪಲಿಲ್ಲ. ಕ್ರಿಪ್ಟೋಕ್ಯಾರಿಯಾನ್ ಬೇರೆಯೇ ವರ್ಗದ, ಕೋಲೆಪ್ಸ್ ಎಂಬ ಪೀಪಾಯಿಯಾಕಾರದ ಸಿಲಿಯೇಟ್‌ನ ಬಳಗಕ್ಕೆ ಸೇರಿದ್ದೆಂದು ರೈಟ್ ಮತ್ತು ಕೊಲೊರ್ನಿ 2002ರಲ್ಲಿ ಅದರ ಸ್ಥಾನ ಬದಲಿಸಿದರು. ಒಂದೇ ಬಗೆಯ ಬದುಕು ಬೇರೆ ಬೇರೆ ವಂಶಗಳನ್ನು ಒಂದೇ ರೂಪಕ್ಕೆ ತಂದಿತ್ತು. ಈ ರೋಗಕ್ಕೆ ತುತ್ತಾಗುವ ಮೀನುಗಳಲ್ಲಿ ಸೀ ಬಾಸ್ ಕೂಡ ಒಂದು. ಕಾರವಾರದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಕಡಲ ಪಂಜರಗಳಲ್ಲಿ ಸಾಕಲು ಪ್ರೋತ್ಸಾಹಿಸಿದ ಮೀನು ಅದೇ. ಪಂಜರ ಕೃಷಿ ಬೆಳೆದಂತೆ ಪರೋಪಜೀವಿಗಳ ಸರಿಯಾದ ಗುರುತು ಈ ಕರಾವಳಿಗೂ ಬೇಕಾಗುವ ಸಂಗತಿ.

ಸ್ಪೇನಿನಲ್ಲಿ ಟರ್ಬಟ್ ಎಂಬ ಚಪ್ಪಟೆ ಮೀನನ್ನೂ ಕೊರಿಯಾದಲ್ಲಿ ಆಲಿವ್ ಫ್ಲೌಂಡರ್ ಅನ್ನೂ ಸಾಕುವವರಿಗೆ ಇನ್ನೊಂದು ಬಗೆಯ ಸಿಲಿಯೇಟ್ ಕಾಟ ಇದೆ. ಅದು ಮೀನಿನ ಒಳಾಂಗಗಳಿಗೇ ನುಗ್ಗಿ ಕೊಲ್ಲುತ್ತದೆ. ಸ್ಪೇನಿನವರು ಅದನ್ನು ಫಿಲಾಸ್ಟೆರೈಡಿಸ್ ಡೈಸೆಂಟ್ರಾರ್ಕಿ ಎನ್ನುತ್ತಿದ್ದರು. ಅದೂ ಮಿಯಾಮಿಯೆನ್ಸಿಸ್ ಆವಿಡಸ್ ಎಂಬುದೂ ಒಂದೇ ಎಂದು ಕೊರಿಯಾದ ಸಂಶೋಧಕರು 2007ರಲ್ಲಿ ಹೇಳಿದರು. ರೂಪವನ್ನೂ ಹಲವು ವಂಶವಾಹಿಗಳನ್ನೂ ಹೋಲಿಸಿ ನೋಡಿದ ಸ್ಪೇನಿನ ತಂಡ 2017ರಲ್ಲಿ ಇವು ಬೇರೆ ಬೇರೆಯೇ ಎಂದಿತು. ಈ ವಾದ ಶಬ್ದದ ಜಗಳವಲ್ಲ. ಒಂದು ಪ್ರಭೇದಕ್ಕೆಂದು ಮಾಡಿದ ಲಸಿಕೆ ಇನ್ನೊಂದರ ವಿರುದ್ಧ ಕೆಲಸ ಮಾಡೀತೇ ಎಂಬ ಪ್ರಶ್ನೆ ಅದರ ಬೆನ್ನಿಗೇ ಇದೆ.

ಕದ್ದ ವಂಶವಾಹಿ ತಪ್ಪಿಸಿದ ದಾರಿ

ರೂಪದ ತಪ್ಪನ್ನು ವಂಶವಾಹಿ ತಿದ್ದಿದ ಇಷ್ಟು ಉದಾಹರಣೆಗಳನ್ನು ನೋಡಿದವರಿಗೆ, ಇನ್ನು ಸೂಕ್ಷ್ಮದರ್ಶಕದ ಕೆಲಸ ಮುಗಿಯಿತು ಅನ್ನಿಸಬಹುದು. ಹಾಗೆ ತೀರ್ಮಾನಿಸುವ ಮುನ್ನ, ಚಿಮ್ಮಿ ಮಾಯವಾಗುವ ಆ ಕೆಂಗಂದು ಜೀವಿಯ ವಿಚಾರ ತಿಳಿಯಬೇಕು.

ಅದರ ಹೆಸರು ಮೀಸೋಡಿನಿಯಂ ರೂಬ್ರಂ. ಕೋಟಿಗಟ್ಟಲೆ ಹೆಚ್ಚಿದಾಗ ಕಡಲ ನೀರನ್ನೇ ಕೆಂಪಾಗಿಸುತ್ತದೆ. ಅದರ ಬಣ್ಣ ಸ್ವಂತದ್ದಲ್ಲ. ಕ್ರಿಪ್ಟೋಫೈಟ್ ಎಂಬ ಪಾಚಿಯನ್ನು ನುಂಗಿ, ಅದರ ಹರಿತ್ತನ್ನು ಜೀರ್ಣಿಸಿಕೊಳ್ಳದೆ ಒಳಗಿಟ್ಟುಕೊಂಡು, ಬಿಸಿಲಿನಿಂದ ಆಹಾರ ತಯಾರಿಸುತ್ತದೆ. ಅಷ್ಟೇ ಅಲ್ಲ, ಪಾಚಿಯ ಕೋಶಕೇಂದ್ರವನ್ನೂ ಉಳಿಸಿಕೊಳ್ಳುತ್ತದೆ. ಕದ್ದು ತಂದ ಆ ಕೇಂದ್ರ 30 ದಿನಗಳವರೆಗೆ ಕೆಲಸ ಮಾಡುತ್ತಲೇ ಇರುತ್ತದೆ ಎಂಬುದನ್ನು 2007ರಲ್ಲಿ ಮ್ಯಾಥ್ಯೂ ಜಾನ್ಸನ್ ಮತ್ತು ಸಂಗಡಿಗರು ತೋರಿಸಿದರು.

ರೂಪ ನೋಡಿದ ತಜ್ಞರು ಮೀಸೋಡಿನಿಯಂ ಅನ್ನು ಬೇಟೆಗಾರ ಡಿಡಿನಿಯಂ ಇರುವ ಲೈಟೋಸ್ಟೋಮ್ ವರ್ಗದಲ್ಲಿ ಇರಿಸಿದ್ದರು. 2004ರಲ್ಲಿ ಅದರ 18ಎಸ್ ವಂಶವಾಹಿ ಓದಿದಾಗ ಎಲ್ಲರಿಗೂ ಅಚ್ಚರಿ. ಅಕ್ಷರಗಳು ಬೇರೆ ಯಾವ ಸಿಲಿಯೇಟ್‌ಗೂ ಹತ್ತಿರವಿಲ್ಲದಷ್ಟು ಬದಲಾಗಿದ್ದವು. ಲೆಕ್ಕ ಹಾಕಿದರೆ ಮೀಸೋಡಿನಿಯಂ ಸಿಲಿಯೇಟ್ ವೃಕ್ಷದ ಬುಡದಲ್ಲೇ, ಎಲ್ಲರಿಂದ ದೂರ ಹೋಗಿ ನಿಂತಿತು. ರೂಪ ಹೇಳಿದ್ದು ಸುಳ್ಳೇ?

ಮುಂದೆ ನೂರಾರು ವಂಶವಾಹಿಗಳನ್ನು ಒಟ್ಟಿಗೆ ಓದುವ ತಂತ್ರ ಬಂತು. ಆದರೆ ಇಲ್ಲಿ ಹೊಸ ತೊಡಕು. ಮೀಸೋಡಿನಿಯಂ ಕೋಶದಿಂದ ತೆಗೆದ ಆರ್‌ಎನ್‌ಎಯಲ್ಲಿ ಹೆಚ್ಚಿನ ಪಾಲು ಅದು ಕದ್ದ ಪಾಚಿ ಕೇಂದ್ರದ್ದು! ಅದನ್ನು ಸಿಲಿಯೇಟ್‌ನದೆಂದು ತಿಳಿದರೆ ವಂಶವೃಕ್ಷವೇ ಅಡ್ಡಾದಿಡ್ಡಿ. ಲಾಸೆಕ್-ನೆಸೆಲ್‌ಕ್ವಿಸ್ಟ್ ಮತ್ತು ಜಾನ್ಸನ್ ಪಾಚಿಯ ಪಾಲನ್ನು ಒಂದೊಂದಾಗಿ ಹೆಕ್ಕಿ ಹೊರಗೆಸೆದು, ಉಳಿದುದರಿಂದ ಲೆಕ್ಕ ಹಾಕಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಾವ ರೀತಿ ಲೆಕ್ಕ ಹಾಕಿದರೂ ಮೀಸೋಡಿನಿಯಂ ಲೈಟೋಸ್ಟೋಮ್‌ಗಳ ಪಕ್ಕದಲ್ಲೇ ಬಂದು ನಿಂತಿತು. ಸೂಕ್ಷ್ಮದರ್ಶಕ ಹಿಡಿದವರು ಮೊದಲೇ ತೋರಿಸಿದ್ದ ಜಾಗ ಅದು.

ಜೀವಿ ಕಾಣದೆ ಸಿಗುವ ಡಿಎನ್‌ಎ

ಈಗ ಒಂದು ಲೀಟರ್ ಕಡಲ ನೀರು ಸೋಸಿ, ಅದರಲ್ಲಿರುವ ಎಲ್ಲ ಡಿಎನ್‌ಎಯನ್ನೂ ಒಟ್ಟಿಗೆ ಓದಬಹುದು. 2009ರಿಂದ ಜಗತ್ತಿನ ಸಾಗರಗಳನ್ನು ಸುತ್ತಿದ ತಾರಾ ನೌಕೆಯ ಯಾತ್ರೆಯಲ್ಲಿ ಸಂಗ್ರಹಿಸಿದ 334 ಮಾದರಿಗಳ ವಿವರ 2015ರಲ್ಲಿ ಪ್ರಕಟವಾಯಿತು. ಕೋಶಕೇಂದ್ರವಿರುವ ಜೀವಿಗಳ ಸುಮಾರು 1.5 ಲಕ್ಷ ವಂಶವಾಹಿ ಗುಂಪುಗಳು ಅದರಲ್ಲಿ ಸಿಕ್ಕವು. ಸುಮಾರು ಮೂರರಲ್ಲೊಂದು ಭಾಗವನ್ನು ಗೊತ್ತಿರುವ ಯಾವ ಗುಂಪಿಗೂ ಸೇರಿಸಲಾಗಲಿಲ್ಲ.

ಈ ವಿಧಾನದ ಬಲ ದೊಡ್ಡದು. ಮಿತಿಯೂ ಇದೆ. ಪಟ್ಟಿಯಲ್ಲಿ ಸಿಗುವುದು ಅಕ್ಷರಗಳ ಸಾಲು ಮಾತ್ರ. ಆ ಜೀವಿ ಹೇಗಿದೆ, ಏನು ತಿನ್ನುತ್ತದೆ ಎಂಬುದು ಅದರಲ್ಲಿಲ್ಲ. ಗುರುತಿಸಿ ಹೆಸರಿಟ್ಟ ಜೀವಿಯ ವಂಶವಾಹಿ ಸಂಗ್ರಹದಲ್ಲಿದ್ದರಷ್ಟೇ ಹೋಲಿಸಲು ಸಾಧ್ಯ. ಅಲ್ಲಿಯ ಹೆಸರೇ ತಪ್ಪಾಗಿದ್ದರೆ ಆ ತಪ್ಪು ಮುಂದಿನ ನೂರಾರು ಅಧ್ಯಯನಗಳಿಗೆ ಹರಿದುಹೋಗುತ್ತದೆ.

ಎಣಿಕೆಯಲ್ಲೂ ತೊಡಕಿದೆ. ಸಿಲಿಯೇಟ್‌ನ ದೊಡ್ಡ ಕೋಶಕೇಂದ್ರದಲ್ಲಿ ರೈಬೋಸೋಮ್ ವಂಶವಾಹಿಯ ಪ್ರತಿಗಳು ಅಪಾರ. ಕೆಲವು ಕಡಲ ಸಿಲಿಯೇಟ್‌ಗಳ ಒಂದೇ ಕೋಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪ್ರತಿಗಳಿರುವುದನ್ನು 2013ರಲ್ಲಿ ಲೆಕ್ಕ ಹಾಕಲಾಗಿದೆ. ಹಾಗಾಗಿ ನೀರಿನಲ್ಲಿ ಒಂದು ಪ್ರಭೇದದ ಡಿಎನ್‌ಎ ಹೆಚ್ಚು ಸಿಕ್ಕಿತೆಂದರೆ ಆ ಜೀವಿಗಳೇ ಹೆಚ್ಚಿವೆ ಎಂದು ಹೇಳಲಾಗದು.

ಒಂದೇ ಕೋಶದಿಂದ ಎರಡೂ ಸಾಕ್ಷಿ

ಇದೇ ಪ್ರತಿಗಳ ಸಮೃದ್ಧಿಯಿಂದ ಒಂದು ಅನುಕೂಲವೂ ಇದೆ: ಒಂದೇ ಕೋಶವಿದ್ದರೂ ವಂಶವಾಹಿ ಓದಬಹುದು. ಇಂದಿನ ಕೆಲಸದ ಕ್ರಮ ಇದನ್ನೇ ನೆಚ್ಚಿಕೊಂಡಿದೆ.

ಕೂದಲೆಳೆಯಷ್ಟು ಸಪೂರವಾಗಿ ಎಳೆದ ಗಾಜಿನ ಪಿಪೆಟ್ಟಿನಿಂದ ಒಂದು ಕೋಶವನ್ನು ಹೀರಿ ತೆಗೆಯಬೇಕು. ಅದು ಈಜುವ, ನಡೆಯುವ, ತಿನ್ನುವ ರೀತಿಯನ್ನು ಜೀವಂತವಾಗಿ ನೋಡಿ ಚಿತ್ರ ತೆಗೆಯಬೇಕು. ಸೋಸಿದ ಕಡಲ ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಮೈಗಂಟಿದ ಬೇರೆ ಜೀವಿಗಳನ್ನು ಕಳೆದು, ಡಿಎನ್‌ಎಗೆಂದು ಕೊಳವೆಗೆ ಬಿಡಬೇಕು. ಅದೇ ಮಾದರಿಯ ಇನ್ನಷ್ಟು ಕೋಶಗಳಿಗೆ ಪ್ರೋಟಾರ್ಗಾಲ್ ಹಿಡಿಸಿ, ಸಾಲುಗಳನ್ನೆಣಿಸಿ, ಆ ಗಾಜಿನ ಪಟ್ಟಿಗಳನ್ನು ಯಾರು ಬೇಕಾದರೂ ಮುಂದೆ ಬಂದು ನೋಡುವಂತೆ ವಸ್ತುಸಂಗ್ರಹಾಲಯದಲ್ಲಿ ಇಡಬೇಕು. ರೂಪ, ಬೆಳ್ಳಿಯ ಚಿತ್ರ, ವಂಶವಾಹಿ ಮೂರೂ ಒಂದೇ ಹೆಸರಿನಡಿ ಕೂಡಿದಾಗ ಆ ಹೆಸರಿಗೆ ಬೆಲೆ.

ಚೀನಾದ ಚಿಂಗ್‌ದಾವ್ ನಗರದ ಸಾಗರ ವಿಶ್ವವಿದ್ಯಾಲಯದಲ್ಲಿ ವೇಬೋ ಸಾಂಗ್ ಮತ್ತು ಶಿಷ್ಯರು ಹಳದಿ ಸಮುದ್ರ ಹಾಗೂ ಬೋಹಾಯ್ ಕೊಲ್ಲಿಯ ತೀರದಲ್ಲಿ ದಶಕಗಳಿಂದ ಇದೇ ಕೆಲಸ ಮಾಡುತ್ತಿದ್ದಾರೆ. ನೂರಾರು ಪ್ರಭೇದಗಳನ್ನು ಹೊಸದಾಗಿ ವಿವರಿಸಿದ್ದಾರೆ; ಹಳೆಯ ಅರೆಬರೆ ವಿವರಣೆಗಳಿಗೆ ಮರುಜೀವ ಕೊಟ್ಟಿದ್ದಾರೆ. 2017ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಆಲನ್ ವಾರೆನ್ ಮತ್ತು ಹಲವು ದೇಶಗಳ ತಜ್ಞರು ಸಿಲಿಯೇಟ್ ಪ್ರಭೇದವೊಂದನ್ನು ವಿವರಿಸುವಾಗ ಏನೇನು ದಾಖಲಿಸಬೇಕು ಎಂಬ ಕೈಪಿಡಿಯನ್ನೇ ಪ್ರಕಟಿಸಿದರು. ರೂಪ ಮತ್ತು ವಂಶವಾಹಿ ಎರಡೂ ಕೂಡಿರಬೇಕು ಎಂಬುದೇ ಅದರ ಒತ್ತಾಯವೂ.

ಅರಬ್ಬೀ ಸಮುದ್ರದ ಲೆಕ್ಕ

ಇಷ್ಟೆಲ್ಲ ಪಾಡು ಏಕೆ ಎಂಬುದಕ್ಕೆ ಉತ್ತರ, ಕರ್ನಾಟಕದ ಕರಾವಳಿಗೆ ಅಪ್ಪಳಿಸುವ ಸಮುದ್ರದಲ್ಲೇ ಇದೆ. ಅರಬ್ಬೀ ಸಮುದ್ರದಲ್ಲಿ ಮುಂಗಾರಿನಲ್ಲಿ ತಳದ ನೀರು ಮೇಲೆದ್ದು, ಉತ್ತರ ಭಾಗದಲ್ಲಿ ಚಳಿಗಾಲದಲ್ಲಿ ಮೇಲ್ನೀರು ತಣಿದು ಮಗುಚಿ, ಪೋಷಕಾಂಶ ಸಿಕ್ಕು ಪಾಚಿ ಸೊಂಪಾಗಿ ಬೆಳೆಯುತ್ತದೆ. ನಡುವಿನ ತಿಂಗಳುಗಳಲ್ಲಿ ಮೇಲ್ನೀರು ಬಡವಾಗುತ್ತದೆ. ಪಾಚಿ ಕಡಿಮೆಯಾದಾಗ ಅದನ್ನು ತಿನ್ನುವ ಕೋಪೆಪಾಡ್‌ನಂಥ ಪ್ರಾಣಿಗಳೂ ಕುಸಿಯಬೇಕಿತ್ತು. ಅಷ್ಟಾಗಿ ಕುಸಿಯುವುದಿಲ್ಲ. ಅರಬ್ಬೀ ಸಮುದ್ರದ ವಿರೋಧಾಭಾಸ ಎಂದು ಹೆಸರಾದ ಈ ಒಗಟಿಗೆ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಂ. ಮಧುಪ್ರತಾಪ್ ಮತ್ತು ಸಂಗಡಿಗರು 1996ರಲ್ಲಿ ವಿವರಣೆ ಕೊಟ್ಟರು. ಬಡ ತಿಂಗಳುಗಳಲ್ಲಿ ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಅವನ್ನು ತಿಂದು ಸಿಲಿಯೇಟ್‌ನಂಥ ಕಿರುಜೀವಿಗಳು ಬೆಳೆಯುತ್ತವೆ, ದೊಡ್ಡ ಪ್ರಾಣಿಗಳಿಗೆ ಅವೇ ಆಹಾರವಾಗುತ್ತವೆ.

ಆ ವಿವರಣೆಯಲ್ಲಿ ಸಿಲಿಯೇಟ್‌ಗಳು ಒಂದು ಒಟ್ಟು ಮೊತ್ತ. ಯಾವ ಪ್ರಭೇದ ಬ್ಯಾಕ್ಟೀರಿಯಾ ತಿನ್ನುತ್ತದೆ, ಯಾವುದು ಪಾಚಿ ಕದ್ದು ಬಿಸಿಲಿನಲ್ಲಿ ಬದುಕುತ್ತದೆ, ನೀರು ಬಿಸಿಯಾದಂತೆ ಯಾವುದು ಹೆಚ್ಚಿ ಯಾವುದು ಅಳಿಯುತ್ತದೆ ಎಂದು ಹೇಳಬೇಕಾದರೆ ಮೊತ್ತವನ್ನು ಒಡೆದು, ಪ್ರತಿಯೊಂದರ ಗುರುತು ಹಿಡಿಯಬೇಕು. ಅದಕ್ಕೆ ದುಬಾರಿ ಹಡಗೇ ಬೇಕೆಂದಿಲ್ಲ. ಒಳ್ಳೆಯ ಸೂಕ್ಷ್ಮದರ್ಶಕ, ಪಿಪೆಟ್ಟು, ಬೆಳ್ಳಿಯ ಬಣ್ಣ ಇದ್ದರೆ ರೂಪದ ಅರ್ಧ ಕೆಲಸ ನಡೆಯುತ್ತದೆ; ಅಕ್ಷರ ಓದುವುದನ್ನು ಹಣ ಕೊಟ್ಟು ಹೊರಗೆ ಮಾಡಿಸಬಹುದು. ಕೊಂಡು ತರಲಾಗದ್ದು ಜೀವಂತ ಕೋಶವನ್ನು ನೋಡಿ ಗುರುತಿಸುವ ಪಳಗಿದ ಕಣ್ಣು ಮಾತ್ರ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ, ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ, ಎರಡಕ್ಕೂ ಕಡಲು ಕೂಗಳತೆಯಲ್ಲಿದೆ. ಇಂಥ ಕಡೆ ಎರಡೂ ಸಾಕ್ಷಿಗಳನ್ನು ಒಟ್ಟಿಗೆ ಓದಬಲ್ಲ ವಿದ್ಯಾರ್ಥಿಗಳು ವರ್ಷಕ್ಕೆ ಒಬ್ಬಿಬ್ಬರು ತಯಾರಾದರೂ ಸಾಕು, ಮುಂಗಾರಿಗೆ ಮೊದಲು ಮತ್ತು ಆಮೇಲೆ ಈ ತೀರದ ನೀರಿನಲ್ಲಿ ಯಾರ್ಯಾರು ಇರುತ್ತಾರೆ ಎಂಬ ಪಟ್ಟಿಯನ್ನು ಹೆಸರು ಹಿಡಿದು ಬರೆಯಲು ಶುರುಮಾಡಬಹುದು.